ಷಿಕಾಗೋದ ಐವರು

ಒಂದು ಕಾಲದಲ್ಲಿ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿಗೆ ಎರಡು ಬಗೆಯ ನಿಯಮಗಳಿದ್ದುವು. ಪುಸ್ತಕದಲ್ಲಿ ಅಚ್ಚಾದವು ಒಂದು ಬಗೆ: ಅಂಗಳದಲ್ಲಿ ತಂಡಕ್ಕೆ ಐವರು, ನಲವತ್ತು ನಿಮಿಷಗಳ ಆಟ, ಐದು ಫೌಲ್‌ಗಳಾದರೆ ಆಟಗಾರ ಹೊರಕ್ಕೆ. ಇನ್ನೊಂದು ಬಗೆಯವನ್ನು ಯಾರೂ ಬರೆದಿಡಲಿಲ್ಲ. ಸ್ವಂತ ಊರಿನಲ್ಲಿ ಆಡುವಾಗ ಒಬ್ಬ ಕರಿಯ ಆಟಗಾರ, ಪರಸ್ಥಳದಲ್ಲಿ ಇಬ್ಬರು, ತಂಡ ಸೋಲುವ ಹಾಗಿದ್ದರೆ ಮೂವರು! ಈ ಲೆಕ್ಕ ಊರಿನಿಂದ ಊರಿಗೆ ಒಂದಿಷ್ಟು ಹೆಚ್ಚು ಕಡಿಮೆಯಾಗುತ್ತಿತ್ತೇ ಹೊರತು, ಲೆಕ್ಕವಿಡುವುದನ್ನು ಮಾತ್ರ ತರಬೇತುದಾರರು ಯಾರೂ ಮರೆಯುತ್ತಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಂತೂ ಲೆಕ್ಕ ಇನ್ನೂ ಸುಲಭ. ಅಲ್ಲಿ ಉತ್ತರ ಸೊನ್ನೆ.

1962–63ರ ಋತುವಿನಲ್ಲಿ ಈ ಲೆಕ್ಕವನ್ನು ಕೈಬಿಟ್ಟ ತಂಡವೊಂದು ಷಿಕಾಗೋ ನಗರದ ಲೊಯೋಲಾ ವಿಶ್ವವಿದ್ಯಾನಿಲಯದಲ್ಲಿತ್ತು. 1870ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಜೆಸ್ವಿಟ್ ಪಾದ್ರಿಗಳದು. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದವರೂ ಅದೇ ಪಂಗಡದವರೆಂದರೆ ಓದುಗರಿಗೆ ಸ್ವಲ್ಪ ಪರಿಚಯವಾದೀತು. ದೊಡ್ಡ ದೊಡ್ಡ ಸರಕಾರಿ ವಿಶ್ವವಿದ್ಯಾನಿಲಯಗಳ ಮುಂದೆ ಲೊಯೋಲಾ ಚಿಕ್ಕದು. ಆ ವರೆಗೆ ಅದು ರಾಷ್ಟ್ರೀಯ ಪಂದ್ಯಾವಳಿಯ ಹೊಸ್ತಿಲನ್ನೂ ತುಳಿದಿರಲಿಲ್ಲ. ತಂಡದ ತರಬೇತುದಾರರು ಜಾರ್ಜ್ ಐರ್ಲೆಂಡ್. ಅವರು ಸಮಾಜ ಸುಧಾರಣೆಯ ಕಂಕಣ ತೊಟ್ಟು ಹೊರಟವರೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಮಾತು ಬಿರುಸು, ಶಿಸ್ತು ಕಠಿಣ, ಬೇಕಾಗಿದ್ದುದು ಗೆಲುವು. ಒಳ್ಳೆಯ ಆಟಗಾರ ಎಲ್ಲಿ ಸಿಕ್ಕಿದರೂ ಕರೆತಂದರು. ಬಂದವರಲ್ಲಿ ಹೆಚ್ಚಿನವರು ಕರಿಯರಾಗಿದ್ದರು. ಅವರನ್ನು ಬೆಂಚಿನ ಮೇಲೆ ಕೂರಿಸಿ ಎಣಿಸುತ್ತಿರುವುದು ಐರ್ಲೆಂಡರಿಗೆ ಸರಿಕಾಣಲಿಲ್ಲ. ಸದುದ್ದೇಶದ ಭಾಷಣಗಳು ಮಾಡದ ಕೆಲಸವನ್ನು ಕೆಲವೊಮ್ಮೆ ಗೆಲ್ಲಬೇಕೆಂಬ ಹಟವೇ ಮಾಡಿಬಿಡುತ್ತದೆ.

ಆ ಐವರನ್ನು ಈಗ ಪರಿಚಯ ಮಾಡಿಕೊಳ್ಳೋಣ. ನಾಯಕ ಜೆರಿ ಹಾರ್ಕ್‌ನೆಸ್ ನ್ಯೂಯಾರ್ಕಿನ ಹಾರ್ಲೆಂ ಬಡಾವಣೆಯವನು; ಸಣಕಲು ಮೈ, ಎಡಗೈ ಆಟಗಾರ, ಓಟದಲ್ಲಿ ಜಿಂಕೆ. ಶಾಲೆಯ ತಂಡಕ್ಕೆ ಸೇರಿದ್ದೇ ತಡವಾಗಿ. ಹಾರ್ಲೆಮಿನ ವೈ.ಎಂ.ಸಿ.ಎ. ಅಂಗಳದಲ್ಲಿ ಅವನು ಚೆಂಡೆಸೆಯುತ್ತಿದ್ದುದನ್ನು ಕಂಡು, ‘ನಿನ್ನ ಆಟಕ್ಕೆ ಕಾಲೇಜಿನ ವಿದ್ಯಾರ್ಥಿವೇತನ ಸಿಕ್ಕೀತು’ ಎಂಬ ಅರ್ಥದ ಮಾತನ್ನು ಹಿರಿಯರೊಬ್ಬರು ಆಡಿದರಂತೆ. ಆ ಹಿರಿಯರು ಜಾಕಿ ರಾಬಿನ್ಸನ್. ಅಮೆರಿಕದ ಬೇಸ್‌ಬಾಲಿನ ಮಹಾಸಂಘದಲ್ಲಿ ವರ್ಣದ ಗೋಡೆಯನ್ನು 1947ರಲ್ಲಿ ಒಡೆದ ಆಟಗಾರ. ಈ ಪ್ರಸಂಗವನ್ನು ಹಾರ್ಕ್‌ನೆಸ್ ಮುಪ್ಪಿನವರೆಗೂ ಹೇಳುತ್ತಿದ್ದುದುಂಟು. ಎರಡನೆಯವನು ರಾನ್ ಮಿಲ್ಲರ್, ಅವನೂ ನ್ಯೂಯಾರ್ಕಿನವನೇ. ಲೆಸ್ ಹಂಟರ್ ಮತ್ತು ವಿಕ್ ರೌಸ್ ಇಬ್ಬರೂ ಟೆನೆಸ್ಸೀ ರಾಜ್ಯದ ನ್ಯಾಷ್‌ವಿಲ್ಲಿನಲ್ಲಿ ಕರಿಯರಿಗೆಂದೇ ಇದ್ದ ಪರ್ಲ್ ಹೈಸ್ಕೂಲಿನಿಂದ ಜೊತೆಯಾಗಿ ಬಂದವರು. ಎತ್ತರದ ಆಳುಗಳು, ಬುಟ್ಟಿಗೆ ಬಡಿದು ಹಿಂದಿರುಗುವ ಚೆಂಡನ್ನು ಹಿಡಿಯುವುದರಲ್ಲಿ ನಿಸ್ಸೀಮರು. ಐದನೆಯವನು ಜಾನ್ ಈಗನ್. ಷಿಕಾಗೋದ ಹುಡುಗ, ಐವರಲ್ಲಿ ಗಿಡ್ಡನೆಯವನು, ಐವರಲ್ಲಿ ಬಿಳಿಯನೂ ಅವನೊಬ್ಬನೇ.

ಈ ತಂಡದ ಆಟವೆಂದರೆ ಬಿರುಗಾಳಿ. ಚೆಂಡು ಕೈಗೆ ಬಂದದ್ದೇ ತಡ, ಓಟ. ಪಂದ್ಯವೊಂದಕ್ಕೆ ಸರಾಸರಿ 91ಕ್ಕೂ ಮೇಲ್ಪಟ್ಟು ಅಂಕಗಳನ್ನು ಗಳಿಸಿ ದೇಶದಲ್ಲೇ ಮೊದಲಿಗರಾದರು. ಡಿಸೆಂಬರಿನಲ್ಲಿ ಒಕ್ಲಹೋಮಾ ನಗರದಲ್ಲಿ ವಯೋಮಿಂಗ್ ವಿರುದ್ಧ ಆಡುವಾಗ ಒಂದು ಹೊತ್ತಿನಲ್ಲಿ ಅಂಗಳದಲ್ಲಿದ್ದ ಲೊಯೋಲಾದ ಐವರೂ ಕರಿಯರೇ ಆಗಿದ್ದರು. ದೊಡ್ಡ ಕಾಲೇಜುಗಳ ಆಟದಲ್ಲಿ ಹಾಗಾದುದು ಅದೇ ಮೊದಲೆನ್ನುತ್ತಾರೆ. ಫೆಬ್ರುವರಿಯ ನಡುವಿನವರೆಗೆ ತಂಡ ಸೋಲನ್ನೇ ಕಾಣಲಿಲ್ಲ. ಅನಂತರ ಬೌಲಿಂಗ್ ಗ್ರೀನ್ ತಂಡ ಚೆನ್ನಾಗಿ ಬಡಿಯಿತು. ಮುಂದೆ ವಿಚಿತಾ ತಂಡ ಒಂದೇ ಒಂದು ಅಂಕದಿಂದ, 73–72ರಲ್ಲಿ, ಗೆದ್ದಿತು. ಇಡೀ ಋತುವಿನಲ್ಲಿ ಆ ಎರಡೇ ಸೋಲು.

ಅಂಗಳದ ಹೊರಗಿನ ಕಥೆ ಬೇರೆ. ಹಿಂದಿನ ಋತುವಿನಲ್ಲಿ ನ್ಯೂ ಆರ್ಲಿಯನ್ಸಿಗೆ ಹೋದಾಗ ಕರಿಯ ಆಟಗಾರರಿಗೆ ತಂಡದ ಜೊತೆ ಹೋಟೆಲಿನಲ್ಲಿ ಇಳಿಯಲು ಅವಕಾಶವಿರಲಿಲ್ಲ. ಕರಿಯ ಗೃಹಸ್ಥರ ಮನೆಗಳಲ್ಲಿ ಅವರಿಗೆ ವಸತಿಯಾಯಿತು. ಈ ಋತುವಿನಲ್ಲಿ ಹ್ಯೂಸ್ಟನ್ನಿನ ಪ್ರೇಕ್ಷಕರು ಕೂಗಿದ ಬೈಗುಳಗಳನ್ನು ಈ ಪುಟಗಳಲ್ಲಿ ಬರೆಯಲಾಗದು. ಮುಂದಿನ ಪಂದ್ಯ ಮಿಸಿಸಿಪಿಯ ತಂಡದೊಡನೆ ಎಂದು ಗೊತ್ತಾದ ಮೇಲೆ ಹಾರ್ಕ್‌ನೆಸ್‌ನ ವಿದ್ಯಾರ್ಥಿನಿಲಯಕ್ಕೆ ಕೂ ಕ್ಲಕ್ಸ್ ಕ್ಲಾನಿನ ಬೆದರಿಕೆಯ ಪತ್ರಗಳೂ ಬಂದುವು. ತನ್ನ ಕೊಠಡಿಯ ವಿಳಾಸ ಅವರಿಗೆ ಹೇಗೆ ತಿಳಿಯಿತೆಂಬುದೇ ಆ ಯುವಕನನ್ನು ಹೆಚ್ಚು ಹೆದರಿಸಿತಂತೆ.

ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಸುತ್ತು ಆಟವೆನ್ನುವುದಕ್ಕಿಂತ ಕೊಯಿಲು. ಟೆನೆಸ್ಸೀ ಟೆಕ್ ತಂಡವನ್ನು ಲೊಯೋಲಾ 111–42ರಿಂದ ಸೋಲಿಸಿತು. 69 ಅಂಕಗಳ ಆ ಅಂತರ ಪಂದ್ಯಾವಳಿಯ ದಾಖಲೆಯಾಗಿ ಉಳಿದುಕೊಂಡಿದೆ. ಎರಡನೆಯ ಸುತ್ತಿನಲ್ಲಿ ಎದುರಾಳಿ ಮಿಸಿಸಿಪಿ ಸ್ಟೇಟ್. ಸ್ಥಳ, ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್. ದಿನಾಂಕ, 1963ರ ಮಾರ್ಚ್ 15. ಆದರೆ ಎದುರಾಳಿಗಳು ಬರುವರೋ ಇಲ್ಲವೋ ಎಂಬುದು ಹಿಂದಿನ ದಿನದವರೆಗೂ ನಿಶ್ಚಯವಿರಲಿಲ್ಲ.

ಇಲ್ಲಿ ಮಿಸಿಸಿಪಿಯ ಪಾಡನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಲೊಯೋಲಾದ ಆ ವರ್ಷದ ಕಥೆಯಲ್ಲಿ ಅರ್ಧ ಪಾಲು ಅದಕ್ಕೆ ಸೇರಿದ್ದು. ಆ ರಾಜ್ಯದ ಬಿಳಿಯ ಕಾಲೇಜುಗಳು ಕರಿಯರಿರುವ ತಂಡದೊಡನೆ ಆಡಕೂಡದೆಂಬುದು ಅಲಿಖಿತ ಶಾಸನ. ಶಾಸನಸಭೆ ಅಂಗೀಕರಿಸಿದ ಕಾನೂನು ಅದಲ್ಲ. ಆದರೆ ಅದನ್ನು ಮೀರಿದ ಕಾಲೇಜಿಗೆ ಸರಕಾರದ ಹಣ ನಿಂತುಹೋದೀತೆಂಬ ಅಂಜಿಕೆ ಕಾನೂನಿಗಿಂತ ಬಲವಾಗಿತ್ತು. ಮಿಸಿಸಿಪಿ ಸ್ಟೇಟ್ ತಂಡವೇನೂ ಸಾಮಾನ್ಯದ್ದಲ್ಲ. ಬೇಬ್ ಮೆಕಾರ್ಥಿಯವರ ತರಬೇತಿಯಲ್ಲಿ 1959, 1961 ಮತ್ತು 1962ರಲ್ಲಿ ಅದು ತನ್ನ ಪ್ರಾಂತದ ಪ್ರಶಸ್ತಿಯನ್ನು ಗೆದ್ದಿತ್ತು. 1959ರಲ್ಲಿ 25 ಪಂದ್ಯಗಳಲ್ಲಿ ಸೋತದ್ದು ಒಂದೇ. ಮೂರು ಸಲವೂ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುವ ಹಕ್ಕು ದೊರೆತಿತ್ತು; ಮೂರು ಸಲವೂ ಹುಡುಗರು ಮನೆಯಲ್ಲೇ ಉಳಿದರು. ವರ್ಷವೆಲ್ಲ ಬೆವರು ಸುರಿಸಿ ಗೆದ್ದು, ಕೊನೆಗೆ ತಮ್ಮ ಸ್ಥಾನದಲ್ಲಿ ಇನ್ನೊಂದು ತಂಡ ಹೋಗಿ ಆಡುವುದನ್ನು ನೋಡುತ್ತ ಕುಳಿತ ಆ ಬಿಳಿಯ ಹುಡುಗರ ಸಂಕಟವೂ ಸಂಕಟವೇ. ಬೇಲಿ ಹಾಕಿದವರ ಮಕ್ಕಳೂ ಬೇಲಿಯೊಳಗೇ ಸಿಕ್ಕಿಕೊಂಡಿದ್ದರು.

1963ರಲ್ಲಿ ನಾಲ್ಕನೆಯ ಸಲ ಅದೇ ಹಕ್ಕು ಬಂದಿತು. ಈ ಸಲ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದವರು ಡೀನ್ ಕಾಲ್ವರ್ಡ್, ಉತ್ತರ ಕೆರೊಲಿನಾದಿಂದ ಬಂದ ಹೊರರಾಜ್ಯದವರು. ಮಾರ್ಚ್ ಮೊದಲಲ್ಲಿ ಅವರು ತಂಡವನ್ನು ಕಳುಹಿಸುವುದಾಗಿ ಪ್ರಕಟಿಸಿಬಿಟ್ಟರು. ಸಮಯವನ್ನು ಗಮನಿಸಬೇಕು. ಕೇವಲ ಐದು ತಿಂಗಳ ಹಿಂದೆ, 1962ರ ಸೆಪ್ಟೆಂಬರ್ 30ರ ರಾತ್ರಿ, ಜೇಮ್ಸ್ ಮೆರೆಡಿತ್ ಎಂಬ ಕರಿಯ ವಿದ್ಯಾರ್ಥಿ ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾನಿಲಯವನ್ನು ಸೇರಲು ಬಂದುದಕ್ಕಾಗಿ ದೊಂಬಿಯೆದ್ದು ಇಬ್ಬರು ಸತ್ತಿದ್ದರು. ಅಧ್ಯಕ್ಷ ಕೆನೆಡಿ ಸೈನ್ಯವನ್ನೇ ಕಳುಹಿಸಬೇಕಾಯಿತು. ಅಂದು ಮೆರೆಡಿತ್‌ಗೆ ಅಡ್ಡನಿಂತ ಗವರ್ನರ್ ರಾಸ್ ಬಾರ್ನೆಟ್ ಇನ್ನೂ ಅಧಿಕಾರದಲ್ಲಿದ್ದರು. ಬಾಸ್ಕೆಟ್‌ಬಾಲಿನ ಈ ಪ್ರಯಾಣಕ್ಕೂ ಅವರ ವಿರೋಧವಿತ್ತು. ರಾಜಧಾನಿಯ ಪತ್ರಿಕೆಯೊಂದು ಲೊಯೋಲಾದ ಐವರ ಚಿತ್ರವನ್ನು ಅಚ್ಚುಮಾಡಿತು. ಎಷ್ಟು ಮಂದಿ ಕರಿಯರೆಂಬುದನ್ನು ಜನರೇ ಎಣಿಸಿಕೊಳ್ಳಲಿ ಎಂಬ ಉದ್ದೇಶದಿಂದ!

ಆದರೂ ರಾಜ್ಯದ ಕಾಲೇಜು ಮಂಡಳಿ ಕಾಲ್ವರ್ಡರ ತೀರ್ಮಾನವನ್ನು ಎತ್ತಿಹಿಡಿಯಿತು. ಹುಡುಗರು ಪೆಟ್ಟಿಗೆ ಕಟ್ಟಿದರು. ಪ್ರಯಾಣದ ಹಿಂದಿನ ದಿನ ಬಿಲಿ ಮಿಟ್ಸ್ ಎಂಬ ಶಾಸಕರು ನ್ಯಾಯಾಲಯದಿಂದ ತಾತ್ಕಾಲಿಕ ತಡೆಯಾಜ್ಞೆಯನ್ನು ತಂದರು. ವಿಚಿತ್ರವೆಂದರೆ ಈ ಮಿಟ್ಸ್ ಅದೇ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿ. ಒಂದು ಕಾಲದಲ್ಲಿ ಅದರ ತಂಡಗಳಿಗೆ ಜಯಕಾರ ಹಾಕುತ್ತಿದ್ದವರು. ಆಜ್ಞೆಯನ್ನು ಜಾರಿಮಾಡಬೇಕಾದರೆ ಅದನ್ನು ಸಂಬಂಧಪಟ್ಟವರ ಕೈಗೆ ಮುಟ್ಟಿಸಬೇಕಷ್ಟೆ. ಕೈಗೇ ಸಿಕ್ಕದಿದ್ದರೆ? ಅಧ್ಯಕ್ಷ ಕಾಲ್ವರ್ಡ್ ನೆರೆಯ ಅಲಬಾಮಾ ರಾಜ್ಯಕ್ಕೆ ಹೊರಟುಹೋದರು. ಮೆಕಾರ್ಥಿ ಕಾರಿನಲ್ಲಿ ರಾತ್ರೋರಾತ್ರಿ ಗಡಿ ದಾಟಿ ಟೆನೆಸ್ಸೀ ಸೇರಿದರು. ಶೆರಿಫನ ಕಡೆಯವರು ಆಜ್ಞೆಯ ಪತ್ರವನ್ನು ಹಿಡಿದುಕೊಂಡು ಬಂದಾಗ ಅದನ್ನು ತೆಗೆದುಕೊಳ್ಳಲು ಊರಿನಲ್ಲಿ ಯಾರೂ ಇಲ್ಲ!

ಮರುದಿನ ಬೆಳಗ್ಗೆ ನಡೆದುದು ಪತ್ತೇದಾರಿ ಕಾದಂಬರಿಗೆ ಸಲ್ಲುವಂಥದು. ಮುಖ್ಯ ಆಟಗಾರರನ್ನು ವಿದ್ಯಾರ್ಥಿನಿಲಯದಲ್ಲೇ ಇರಿಸಿ, ಮೊದಲು ಬದಲಿ ಆಟಗಾರರನ್ನು ವಿಮಾನ ನಿಲ್ದಾಣಕ್ಕೆ ಕಳುಹಿಸಿದರು. ಪೊಲೀಸರು ಹಿಡಿಯುವುದಾದರೆ ಅವರನ್ನು ಹಿಡಿಯಲಿ, ನಿಜವಾದ ತಂಡ ಬೇರೆ ದಾರಿ ಹುಡುಕಿಕೊಂಡೀತು ಎಂಬ ಹಂಚಿಕೆ. ನಿಲ್ದಾಣದಲ್ಲಿ ಯಾರೂ ಅಡ್ಡ ಬರಲಿಲ್ಲ. ಸುದ್ದಿ ತಿಳಿದು ಉಳಿದವರೂ ಧಾವಿಸಿ ವಿಮಾನವೇರಿದರು. ಅದು ನೇರವಾಗಿ ನ್ಯಾಷ್‌ವಿಲ್ಲಿಗೆ ಹಾರಿತು. ಅಲ್ಲಿ ಕಾದಿದ್ದ ಮೆಕಾರ್ಥಿಯವರನ್ನು ಹತ್ತಿಸಿಕೊಂಡು ಮಿಷಿಗನ್ನಿನ ಕಡೆ ತಿರುಗಿತು. ನ್ಯಾಷ್‌ವಿಲ್, ಲೊಯೋಲಾದ ಹಂಟರ್ ಮತ್ತು ರೌಸ್ ಓದಿದ ಶಾಲೆಯಿದ್ದ ಊರು. ಅವರ ಊರಿನಲ್ಲೇ ಮಿಸಿಸಿಪಿಯ ತರಬೇತುದಾರರು ತಲೆಮರೆಸಿಕೊಂಡು ನಿಂತಿದ್ದರೆಂಬುದು ಆಗ ಯಾರಿಗೂ ಹೊಳೆದಿರಲಾರದು. ಇತ್ತ ಮಿಸಿಸಿಪಿಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರೊಬ್ಬರು ಆ ತಡೆಯಾಜ್ಞೆಗೇ ತಡೆಯೊಡ್ಡಿದರು.

ಶುಕ್ರವಾರ ಸಂಜೆ, ಜೆನಿಸನ್ ಕ್ರೀಡಾಭವನ. ಆಟಕ್ಕೆ ಮೊದಲು ನಾಯಕರಿಬ್ಬರೂ ಅಂಗಳದ ನಡುವಿಗೆ ಬಂದರು: ಜೆರಿ ಹಾರ್ಕ್‌ನೆಸ್, ಜೋ ಡ್ಯಾನ್ ಗೋಲ್ಡ್. ಎಲ್ಲ ಪಂದ್ಯಗಳಲ್ಲೂ ನಡೆಯುವಂತೆ ಕೈ ಚಾಚಿದರು, ಕುಲುಕಿದರು. ಒಡನೆಯೇ ಸುತ್ತಲೂ ಕ್ಯಾಮರಾಗಳ ಬೆಳಕು ಮಿಂಚಿತು. ಒಂದಲ್ಲ, ಹತ್ತಲ್ಲ, ಕಣ್ಣು ಕೋರೈಸುವಷ್ಟು. ಅಲ್ಲಿಯವರೆಗೆ ಇದೂ ಒಂದು ಪಂದ್ಯವೆಂದುಕೊಂಡಿದ್ದ ತನಗೆ ಆ ಬೆಳಕಿನಲ್ಲೇ ಮೊದಲ ಬಾರಿಗೆ ಇದು ಬೇರೆ ಏನೋ ಎಂದು ಹೊಳೆಯಿತೆಂದು ಹಾರ್ಕ್‌ನೆಸ್ ಮುಂದೆ ಹೇಳಿದರು.

ಆಟದಲ್ಲಿ ಗಲಾಟೆಯಾಗಬಹುದೆಂದು ನಿರೀಕ್ಷಿಸಿದವರಿಗೆ ನಿರಾಶೆಯಾಯಿತು. ಮಿಸಿಸಿಪಿ ತಂಡ ನಿಧಾನವಾಗಿ, ಲೆಕ್ಕಾಚಾರದಿಂದ ಆಡಿ ಮೊದಲಿಗೆ 7–0 ಮುಂದಾಯಿತು. ಲೊಯೋಲಾ ಕ್ರಮೇಣ ಹಿಡಿತ ಸಾಧಿಸಿ 61–51ರಿಂದ ಗೆದ್ದಿತು. ಬೈಗುಳವಿಲ್ಲ, ಜಗಳವಿಲ್ಲ. ಬಿದ್ದವನನ್ನು ಎದುರಾಳಿ ಕೈಹಿಡಿದು ಎಬ್ಬಿಸಿದ ಉದಾಹರಣೆಗಳೂ ಉಂಟು. ಪಂದ್ಯದ ವರದಿಯಾಗಿ ಬರೆದರೆ ನಾಲ್ಕು ಸಾಲು ಸಾಕು, ಅಷ್ಟು ಸಾಧಾರಣ. ಮಿಸಿಸಿಪಿಯ ರಾಜಕಾರಣಿಗಳು ವರ್ಷಗಟ್ಟಲೆ ಹೆದರಿಸುತ್ತ ಬಂದಿದ್ದ ಭೂತ ಅಂಗಳಕ್ಕೆ ಬರಲೇ ಇಲ್ಲವೆಂಬುದೇ ಅಂದಿನ ಸುದ್ದಿ. ಸೋತ ಹುಡುಗರು ಮರುದಿನ ಉಳಿದು, ಮೂರನೆಯ ಸ್ಥಾನದ ಪಂದ್ಯದಲ್ಲಿ ಬೌಲಿಂಗ್ ಗ್ರೀನ್ ತಂಡವನ್ನು ಸೋಲಿಸಿಯೇ ಊರಿಗೆ ಹೊರಟರು. ಲೊಯೋಲಾವನ್ನು ಬಡಿದಿದ್ದ ಅದೇ ಬೌಲಿಂಗ್ ಗ್ರೀನ್.

ಲೊಯೋಲಾ ಇಲಿನಾಯ್ ವಿಶ್ವವಿದ್ಯಾನಿಲಯವನ್ನು 79–64ರಿಂದ, ಉಪಾಂತ್ಯದಲ್ಲಿ ಡ್ಯೂಕ್ ತಂಡವನ್ನು 94–75ರಿಂದ ಹಿಂದೆ ಹಾಕಿ ಅಂತಿಮ ಪಂದ್ಯಕ್ಕೆ ಬಂದಿತು. ಮಾರ್ಚ್ 23, ಕೆಂಟಕಿಯ ಲೂಯಿವಿಲ್ ನಗರದ ಫ್ರೀಡಂ ಹಾಲ್, ಸುಮಾರು 19,000 ಪ್ರೇಕ್ಷಕರು. ಎದುರಿಗೆ ಸಿನ್ಸಿನಾಟಿ. 1961 ಮತ್ತು 1962ರ ಚಾಂಪಿಯನ್ನರು. ಮೂರನೆಯ ಸಲವೂ ಗೆದ್ದರೆ ಹಿಂದೆ ಯಾರೂ ಮಾಡದ ಸಾಧನೆ. ಲೊಯೋಲಾ ಅಂಕ ಗಳಿಸುವುದರಲ್ಲಿ ದೇಶಕ್ಕೆ ಮೊದಲಾದರೆ ಸಿನ್ಸಿನಾಟಿ ಅಂಕ ಬಿಟ್ಟುಕೊಡದಿರುವುದರಲ್ಲಿ ಮೊದಲು. ಅವರ ಮೇಲೆ ಎದುರಾಳಿಗಳು ಗಳಿಸಿದ್ದು ಪಂದ್ಯಕ್ಕೆ ಸರಾಸರಿ 53ರಷ್ಟು ಮಾತ್ರ. ಸಿನ್ಸಿನಾಟಿಯ ಐವರಲ್ಲೂ ಮೂವರು ಕರಿಯರು. ಹೀಗೆ ಅಂತಿಮ ಪಂದ್ಯದ ಮೊದಲ ಹತ್ತು ಮಂದಿಯಲ್ಲಿ ಏಳು ಮಂದಿ ಕರಿಯರಾದರು. ಹಳೆಯ ಲೆಕ್ಕ ಅಂದು ಪೂರಾ ತಪ್ಪಿತು.

ಮೊದಲರ್ಧದಲ್ಲಿ ಲೊಯೋಲಾದ ಬಿರುಗಾಳಿ ಗೋಡೆಗೆ ಬಡಿದಂತಾಯಿತು. ಎಸೆದ ಚೆಂಡುಗಳು ಒಂದೂ ಬುಟ್ಟಿಗೆ ಬೀಳಲೊಲ್ಲವು. ವಿರಾಮದ ಹೊತ್ತಿಗೆ 29–21; ಅನಂತರ ಇನ್ನೂ ಕೆಟ್ಟು 45–30. ಪಂದ್ಯಕ್ಕೆ ಇಪ್ಪತ್ತಕ್ಕೂ ಮಿಕ್ಕಿ ಅಂಕ ಗಳಿಸುತ್ತಿದ್ದ ನಾಯಕ ಹಾರ್ಕ್‌ನೆಸ್ ಒಂದು ಬುಟ್ಟಿಯನ್ನೂ ಹಾಕಿರಲಿಲ್ಲ. ಹದಿನೈದು ಅಂಕ ಹಿಂದೆ ಬಿದ್ದ ತಂಡವನ್ನು ಸಿನ್ಸಿನಾಟಿ ಮತ್ತೆ ಮೇಲೇಳಗೊಡುವುದುಂಟೆ?

ಆದರೆ ಇಲ್ಲೊಂದು ಸೂಕ್ಷ್ಮವುಂಟು. ಆ ಕಾಲದ ಕಾಲೇಜು ಆಟದಲ್ಲಿ ಚೆಂಡನ್ನು ಇಂತಿಷ್ಟು ಹೊತ್ತಿನೊಳಗೆ ಎಸೆಯಲೇಬೇಕೆಂಬ ಕಟ್ಟಳೆಯಿರಲಿಲ್ಲ. ಅದು ಬಂದುದು 1985ರಲ್ಲಿ. ಮುಂದಿರುವ ತಂಡ ಚೆಂಡನ್ನು ತನ್ನವರೊಳಗೇ ಹಂಚಿಕೊಳ್ಳುತ್ತ ಕಾಲ ಕಳೆಯಬಹುದಾಗಿತ್ತು. ಸಿನ್ಸಿನಾಟಿಯ ಪ್ರಮುಖರಲ್ಲಿ ಕೆಲವರಿಗೆ ನಾಲ್ಕು ನಾಲ್ಕು ಫೌಲ್‌ಗಳಾಗಿದ್ದುದರಿಂದ ತರಬೇತುದಾರ ಎಡ್ ಜಕರ್ ಆ ಜೋಪಾನದ ದಾರಿಯನ್ನೇ ಹಿಡಿದರು. ಈ ಬರಹಗಾರನ ಅಭಿಪ್ರಾಯದಲ್ಲಿ ಅವರು ಎಡವಿದ್ದು ಅಲ್ಲಿಯೇ. ಓಡುವುದನ್ನು ನಿಲ್ಲಿಸಿದ ಮೇಲೆ ಸಿನ್ಸಿನಾಟಿಯವರ ಕೈಗಳು ಬಿಗಿತಪ್ಪಿದುವು. ಲೊಯೋಲಾದವರು ಮೇಲೆ ಬಿದ್ದು ಚೆಂಡನ್ನು ಕಸಿಯತೊಡಗಿದರು. ಅಂದಿನ ಆಟದಲ್ಲಿ ಲೊಯೋಲಾ ಚೆಂಡನ್ನು ಕಳೆದುಕೊಂಡದ್ದು 3 ಸಲ, ಸಿನ್ಸಿನಾಟಿ 16 ಸಲ. ಅಂತರ ಹತ್ತಾಯಿತು, ಏಳಾಯಿತು, ಐದಾಯಿತು. ಇನ್ನು ಐದು ನಿಮಿಷವೂ ಉಳಿದಿಲ್ಲವೆನ್ನುವಾಗ ಹಾರ್ಕ್‌ನೆಸ್‌ನ ಮೊದಲ ಬುಟ್ಟಿ ಬಿದ್ದಿತು.

ಹನ್ನೆರಡು ಸೆಕೆಂಡು ಉಳಿದಾಗ ಸಿನ್ಸಿನಾಟಿ ಒಂದೇ ಅಂಕ ಮುಂದು. ಅವರ ಲ್ಯಾರಿ ಷಿಂಗಲ್‌ಟನ್‌ಗೆ ಎರಡು ಫ್ರೀ ಥ್ರೋ. ಮೊದಲನೆಯದು ಬಿದ್ದಿತು: 54–52. ಎರಡನೆಯದೂ ಬಿದ್ದರೆ ಮೂರು ಅಂಕಗಳ ಅಂತರ, ಆಟ ಮುಗಿದಂತೆಯೇ. ಮೂರಂಕದ ಎಸೆತವೆಂಬುದು ಆಗ ಇರಲಿಲ್ಲ. ಎರಡನೆಯದು ತಪ್ಪಿತು. ಹಂಟರ್ ಚೆಂಡನ್ನು ಹಿಡಿದು ಮಿಲ್ಲರನಿಗೆ, ಮಿಲ್ಲರ್ ಹಾರ್ಕ್‌ನೆಸ್‌ನಿಗೆ. ನಾಲ್ಕು ಸೆಕೆಂಡು ಉಳಿದಿರುವಾಗ ನಾಯಕ ನೆಗೆದು ಎಸೆದ ಚೆಂಡು ಬಲೆಯನ್ನು ಹೊಕ್ಕಿತು. 54–54.

ಐದು ನಿಮಿಷಗಳ ಹೆಚ್ಚುವರಿ ಆಟ. 58–58ರಲ್ಲಿ ಈಗನ್‌ಗೂ ಷಿಂಗಲ್‌ಟನ್‌ಗೂ ನಡುವೆ ಜಂಪ್ ಬಾಲ್ ಆಯಿತು. ಅದನ್ನು ಈಗನ್ ಗೆದ್ದ. ಈಗ ಕಾಲ ಕಳೆಯುವ ಸರದಿ ಲೊಯೋಲಾದ್ದು. ಕೊನೆಯ ಗಳಿಗೆಯವರೆಗೆ ಚೆಂಡನ್ನು ಕಾದಿಟ್ಟುಕೊಂಡು ಹಾರ್ಕ್‌ನೆಸ್ ಎಸೆಯಲು ನೆಗೆದನು. ಎದುರಾಳಿ ಬಾನ್‌ಹ್ಯಾಮನ ಕೈ ಅಡ್ಡಬಂದಿತು. ಗಾಳಿಯಲ್ಲಿದ್ದಂತೆಯೇ ಅವನು ಚೆಂಡನ್ನು ಹಂಟರನ ಕಡೆ ತಳ್ಳಿದನು. ಹಂಟರ್ ಎಸೆದ, ಚೆಂಡು ಬಳೆಗೆ ತಾಕಿ ಪಕ್ಕಕ್ಕೆ ಸರಿಯಿತು. ಅಲ್ಲಿ ವಿಕ್ ರೌಸ್ ನಿಂತಿದ್ದ. ಎರಡೂ ಕೈಗಳಿಂದ ಹಿಡಿದು ಮತ್ತೆ ಬುಟ್ಟಿಗೆ ಸೇರಿಸಿದ. 60–58. ಲೊಯೋಲಾ ಚಾಂಪಿಯನ್!

ಅಂದು ಲೊಯೋಲಾ ಬುಟ್ಟಿಗೆ ಗುರಿಯಿಟ್ಟು ಎಸೆದದ್ದು 84 ಸಲ, ಬಿದ್ದದ್ದು 23. ಇಷ್ಟು ಕೆಟ್ಟ ಗುರಿಯಿಂದ ಚಾಂಪಿಯನ್ ಆಗುವುದೆಂದರೆ ಆಶ್ಚರ್ಯವೇ. ಅದಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ ನಲವತ್ತೈದು ನಿಮಿಷಗಳಲ್ಲಿ ಐರ್ಲೆಂಡ್ ಒಬ್ಬ ಬದಲಿ ಆಟಗಾರನನ್ನೂ ಕಳುಹಿಸಲಿಲ್ಲ. ಆರಂಭಿಸಿದ ಐವರೇ ಮುಗಿಸಿದರು.

ಆ ಬೇಸಿಗೆಯಲ್ಲಿ ಅಮೆರಿಕ ಹೊತ್ತಿ ಉರಿಯಿತು. ಜೂನ್ 12ರಂದು ಮಿಸಿಸಿಪಿಯ ಕರಿಯರ ಮುಂದಾಳು ಮೆಡ್‌ಗರ್ ಎವರ್ಸ್ ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಒಂದು ಹಸ್ತಲಾಘವದಿಂದ ಕಾಲ ಬದಲಾಯಿತೆಂದು ಯಾರಾದರೂ ಹೇಳಿದರೆ ಈ ದಿನಾಂಕವನ್ನು ನೆನೆಯಬೇಕು. ಆದರೂ ಮಿಸಿಸಿಪಿ ಸ್ಟೇಟಿಗೆ ಭಯಪಟ್ಟಂತೆ ಏನೂ ಆಗಲಿಲ್ಲ. ಕಾಲ್ವರ್ಡ್ 1966ರವರೆಗೆ ಅಧ್ಯಕ್ಷರಾಗಿಯೇ ಇದ್ದರು. ಆ ತಂಡದಲ್ಲಿ ಕರಿಯ ಆಟಗಾರರು ಕಾಣಿಸಿಕೊಂಡದ್ದು ಮಾತ್ರ 1970ರ ದಶಕದ ಆರಂಭದಲ್ಲಿ.

ಲೊಯೋಲಾದ ಐವರೂ ಪದವಿ ಪಡೆದರು. ಈಗನ್ ಷಿಕಾಗೋದಲ್ಲಿ ವಕೀಲರಾದರು; ಗೆಲುವಿನ ಬುಟ್ಟಿ ಹಾಕಿದ ರೌಸ್ 1999ರಲ್ಲಿ ತೀರಿಕೊಂಡರು. 2013ರ ಜುಲೈನಲ್ಲಿ ಉಳಿದ ಗೆಳೆಯರನ್ನು ಅಧ್ಯಕ್ಷ ಒಬಾಮಾ ಶ್ವೇತಭವನಕ್ಕೆ ಕರೆಸಿದರು. 2018ರಲ್ಲಿ ಲೊಯೋಲಾ ಮತ್ತೆ ಉಪಾಂತ್ಯ ತಲುಪಿದಾಗ ಹಾರ್ಕ್‌ನೆಸ್ ತಂಡದ ಜೊತೆಗಿದ್ದರು. 2021ರ ಆಗಸ್ಟಿನಲ್ಲಿ ನಿಧನರಾದರು.

ಮಿಸಿಸಿಪಿಯ ನಾಯಕ ಜೋ ಡ್ಯಾನ್ ಗೋಲ್ಡ್ ತೀರಿಕೊಂಡದ್ದು 2011ರಲ್ಲಿ. ಮುಪ್ಪಿನಲ್ಲಿ ಇಬ್ಬರೂ ಸ್ನೇಹಿತರಾಗಿದ್ದರು. ಅಂತ್ಯಕ್ರಿಯೆಗೆ ಹೋದ ಹಾರ್ಕ್‌ನೆಸ್ ಶವಪೆಟ್ಟಿಗೆಯ ಬಳಿಗೆ ನಡೆದಾಗ, ಪಕ್ಕದಲ್ಲಿಟ್ಟಿದ್ದ ಚಿತ್ರವೊಂದು ಕಣ್ಣಿಗೆ ಬಿತ್ತು. ಈಸ್ಟ್ ಲ್ಯಾನ್ಸಿಂಗಿನ ಅಂಗಳದಲ್ಲಿ ಇಬ್ಬರು ಯುವಕರು ಕೈ ಕುಲುಕುತ್ತಿರುವ ಚಿತ್ರ. ಮರುವರ್ಷ, 2012ರ ಡಿಸೆಂಬರ್ 15ರಂದು, ಎರಡೂ ವಿಶ್ವವಿದ್ಯಾನಿಲಯಗಳು ಷಿಕಾಗೋದಲ್ಲಿ ಮತ್ತೊಂದು ಪಂದ್ಯವಾಡಿದುವು. ಲೊಯೋಲಾ ಗೆದ್ದಿತು, 59–51ರಿಂದ. ಮಿಸಿಸಿಪಿಯವರ ಅಂಕ, ಐವತ್ತು ವರ್ಷಗಳ ಹಿಂದಿನಂತೆಯೇ, ಐವತ್ತೊಂದು.